ಕರಡಿಗೆಯ ಸುಂಕ

ನಮ್ಮ ಮನೆಯವರ ಹೆಸರು ಓಂಕಾರಪ್ಪ. ಅವರು ಬದುಕಿದ್ದಾಗ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಹೇಳುತ್ತೇನೆ. ನಾನು ಹೇಳದಿದ್ದರೆ ಇನ್ನು ಯಾರೂ ಹೇಳುವುದಿಲ್ಲ.

ಕಪ್ಪಗೆ, ಕುಳ್ಳಗೆ ಇದ್ದರು. ವೆಲ್ಡಿಂಗ್ ಕಿಡಿ ಬಿದ್ದು ಬಿದ್ದು ಎಡಗೈಯೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕಲೆ. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆ, ಎರಡು ಕೋಣೆ, ಹಿಂದೊಂದು ನುಗ್ಗೆಮರ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಶೆಡ್ಡಿನಲ್ಲಿ ಅವರು ವೆಲ್ಡರ್.

ಕೆಲಸಕ್ಕೆ ಎಷ್ಟೇ ತಡವಾಗಲಿ, ಸ್ನಾನ ಮಾಡಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರಲೇಬೇಕು. ಆಮೇಲೆಯೇ ಕಾಫಿ. ಆ ಹೊತ್ತಿನಲ್ಲಿ ನಾನು ಏನು ಕೇಳಿದರೂ ಕಣ್ಣು ತೆರೆಯದೆ ‘ಹ್ಞೂಂ’ ಎನ್ನುತ್ತಿದ್ದರು. ಅದು ಗೊತ್ತಿದ್ದೇ ನಾನು ಸೀರೆ, ಪಾತ್ರೆ ಎಲ್ಲ ಆಗಲೇ ಕೇಳುತ್ತಿದ್ದೆ. ಕಣ್ಣು ತೆರೆದ ಮೇಲೆ, “ಏನೋ ಕೇಳಿದ್ಯಲ್ಲ? ಹ್ಞೂಂ ಅಂದ್ನಾ? ಅದು ದೇವ್ರಿಗೆ ಅಂದಿದ್ದು ಮಾರಾಯ್ತಿ, ನಿಂಗಲ್ಲ” ಎನ್ನುತ್ತಿದ್ದರು.

ನಮ್ಮವರಲ್ಲಿ ಗಂಡು ಹೆಣ್ಣು ಎನ್ನದೆ ಎಲ್ಲರ ಕೊರಳಲ್ಲೂ ಒಂದು ಲಿಂಗ. ಮೊಟ್ಟೆಯಂಥ ಪುಟ್ಟ ಕರಡಿಗೆಯೊಳಗೆ ಇಟ್ಟು, ದಾರ ಹಾಕಿ ಎದೆ ಮೇಲೆ ಕಟ್ಟಿಕೊಳ್ಳುತ್ತೇವೆ. ಗುರುಗಳು ಕೊಟ್ಟ ಆ ಲಿಂಗ ಸಾಯುವತನಕ ಜೊತೆಗಿರಬೇಕು. ಸತ್ತ ಮೇಲೆ ಅದನ್ನೇ ಎಡಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಒಂದು ಜೀವಕ್ಕೆ ಒಂದು ಲಿಂಗ. ಇಷ್ಟು ತಿಳಿದಿದ್ದರೆ ಸಾಕು, ಮುಂದಿನದು ತಾನಾಗಿ ತಿಳಿಯುತ್ತದೆ.

ಶೆಡ್ಡು ಮುಚ್ಚಿತು. ಕೆಲವು ಕಾಲ ಗೇಟು, ಕಿಟಕಿ ಸರಳು ಅಂತ ಮಾಡಿದರು. ಆಮೇಲೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ ಖಲಂದರ್ ಸಾಬರು ಮಸ್ಕತ್ತಿಗೆ ಹೋಗುವ ದಾರಿ ತೋರಿಸಿದರು. ಸಾಬರ ಅಂಗಡಿ ಶಟರ್‌ಗೆ ಇವರೇ ವೆಲ್ಡಿಂಗ್ ಮಾಡಿದ್ದು, ಹಾಗೆ ಪರಿಚಯ. ಆಗ ನಮ್ಮ ಮಗಳು ಪ್ರಿಯದರ್ಶಿನಿ ಇನ್ನೂ ಲಂಗ ಹಾಕುವ ಹುಡುಗಿ.

ಮೊದಲ ರಜೆಗೆ ಬಂದಾಗ ದೊಡ್ಡ ಕಲರ್ ಟಿವಿ ಹೊತ್ತು ತಂದರು. ಬೊಂಬಾಯಿ ಏರ್‌ಪೋರ್ಟಿನಲ್ಲಿ ಅದಕ್ಕೆ ಸುಂಕ ಹಾಕಿದ್ದರು. ಊರಲ್ಲೇ ಕೊಂಡಿದ್ದರೆ ಚೆನ್ನಾಗಿತ್ತು, ಅಷ್ಟು ಸುಂಕ. ಇವರು ನಗುತ್ತಿದ್ದರು.

“ಟಿವಿ ಐಷಾರಾಮದ ಸಾಮಾನಂತೆ ಕಣೇ.”

“ಯಾರ್ರೀ ಹೇಳಿದ್ದು?”

“ಬಿಳಿ ಬಟ್ಟೆ ಆಫೀಸರ್ರು.”

“ನಮ್ಮನೆ ನೋಡಿದಾನಾ ಅವ್ನು?”

“ನೋಡಿದ್ರೆ ಇದನ್ನ ಎಲ್ಲಿಡ್ತೀಯೋ ಅಂತ ಕೇಳ್ತಿದ್ದ.”

ನಿಜವೇ. ಟಿವಿ ಇಡಲು ಅಕ್ಕಿ ಡ್ರಮ್ಮನ್ನು ಅಡಿಗೆಮನೆಗೆ ತಳ್ಳಬೇಕಾಯಿತು.

ಅದೇ ಆಫೀಸರ್ ಇವರ ಅಂಗಿಯೊಳಗೆ ಉಬ್ಬಿದ್ದನ್ನು ನೋಡಿ ಏನದು ಎಂದನಂತೆ. ಇವರು ಬೆಳ್ಳಿ ಕರಡಿಗೆ ಹೊರಗೆ ತೆಗೆದು ದೇವರು ಎಂದರಂತೆ. ಅವನು ಎದ್ದು ನಿಂತು ಕೈ ಮುಗಿದು, ಹೋಗು ಎಂದನಂತೆ.

“ಟಿವಿಗೆ ಅಷ್ಟು ಕಿತ್ಕೊಂಡೋನು ದೇವ್ರಿಗೆ ಒಂದ್ ಪೈಸೆ ಕೇಳ್ಲಿಲ್ಲ ನೋಡು” ಎಂದು ಕೇರಿಗೆಲ್ಲ ಹೇಳಿಕೊಂಡು ಓಡಾಡಿದರು.

ಆ ಆಫೀಸರ್ ಕೈ ಮುಗಿದದ್ದು ಅವರ ತಲೆಯಲ್ಲಿ ಕೂತುಬಿಟ್ಟಿತು.

ತೊಂಬತ್ತೇಳನೇ ಇಸವಿ. ಭಾನುವಾರ ಭಾನುವಾರ ಪಕ್ಕದ ಮನೆ ಸಾವಿತ್ರಮ್ಮನವರ ಫೋನಿಗೆ ಇವರು ಫೋನ್ ಮಾಡುತ್ತಿದ್ದರು. ಒಂದು ಭಾನುವಾರ ಹೇಳಿದರು:

“ಬೆಳ್ಳಿ ಕರಡಿಗೆ ಕೀಲು ಮುರೀತು. ಬಂಗಾರದ್ದು ಮಾಡಿಸ್ದೆ.”

“ಬಂಗಾರದ್ದಾ? ನಿಮ್ಗೆ ತಲೆ ಸರಿ ಇದ್ಯಾ?”

“ಪ್ರಿಯಂಗೆ ಕಣೇ. ಗಟ್ಟಿಯಾಗೇ ಮಾಡ್ಸಿದೀನಿ. ಬೊಂಬಾಯಲ್ಲಿ ಕರಡಿಗೆ, ಭದ್ರಾವತೀಲಿ ಬಳೆ. ಅವಳ ಮದುವೆಗೆ ಕರಗಿಸೋದು, ನಂಗೆ ಮತ್ತೆ ಬೆಳ್ಳೀದು ಮಾಡ್ಸೋದು.”

“ಹಿಡಿದ್ರೆ?”

“ಕೊರಳಲ್ಲಿರೋ ದೇವ್ರಿಗೆ ಯಾರೇ ಸುಂಕ ಕೇಳ್ತಾರೆ? ಕೈ ಮುಗೀತಾರೆ.”

ಬಳೆ, ಸರ ಅಂತ ಸುಂಕ ತಪ್ಪಿಸಿ ತರುವವರು ಹೀಗೆ ಯೋಚಿಸಲಾರರು. ಲಿಂಗ ಕಟ್ಟಿದವರೇ ಮಾಡಬಹುದಾದ ಲೆಕ್ಕ ಇದು. ದೇವರು ಒಳಗಿದ್ದರೆ ಡಬ್ಬಿಯೂ ದೇವರು ಎಂದು ಅವರು ನಂಬಿದ್ದರು. ಮೋಸ ಮಾಡುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿರಲೇ ಇಲ್ಲ.

ಅದಾದ ಮೇಲೆ ಬಂದ ಫೋನು ಅವರದ್ದಲ್ಲ. ಅವರ ರೂಮಿನಲ್ಲಿದ್ದ ಆರ್ಮುಗಂ ಮಾಡಿದ್ದ. ಅವನೂ ನಮ್ಮ ಭದ್ರಾವತಿಯ ಪೇಪರ್ ಟೌನಿನ ಹುಡುಗನೇ, ತಮಿಳಿನವನು. ಎಣ್ಣೆ ಟ್ಯಾಂಕಿನೊಳಗೆ ಇಳಿದು ವೆಲ್ಡಿಂಗ್ ಮಾಡುತ್ತಿದ್ದಾಗ ಇವರಿಗೆ ಉಸಿರು ಕಟ್ಟಿತಂತೆ. ಮೇಲಕ್ಕೆ ಎಳೆಯುವ ಹೊತ್ತಿಗೆ ಇರಲಿಲ್ಲವಂತೆ.

“ಅಣ್ಣ ಹೋಗ್ಬಿಟ್ರಕ್ಕಾ” ಎಂದ. ನಾನು ‘ಹ್ಞೂಂ’ ಎಂದೆ.

ಹೆಣ ಬರುವುದು ತಡವಾಯಿತು. ಅಲ್ಲಿಯ ಕಾಗದ, ಇಲ್ಲಿಯ ಕಾಗದ. ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಬೊಂಬಾಯಿಗೆ ಬರುತ್ತದೆ ಎಂದು ಗೊತ್ತಾಗಿ ಮೈದುನ ರುದ್ರೇಶ ಮುಂಚೆಯೇ ಹೋಗಿ ಅಲ್ಲಿ ಕಾದ. ಆರ್ಮುಗಂ ಅದೇ ವಿಮಾನದಲ್ಲಿ ಹೆಣದ ಜೊತೆ ಬಂದ. ವ್ಯಾನ್ ಗೊತ್ತು ಮಾಡಿ ನೇರ ಭದ್ರಾವತಿಗೆ ತರುವುದು ಎಂದಾಗಿತ್ತು. ಮನೆಗೆ ಸಿದ್ದಯ್ಯನವರು ಬಂದಿದ್ದರು. ನಮ್ಮ ಕೇರಿಯ ಹುಟ್ಟು ಸಾವು ಎಲ್ಲ ನಡೆಸುವ ಅಯ್ಯನವರು ಅವರೇ. ಹಿತ್ತಲಲ್ಲಿ ಕೂತು ವಿಭೂತಿ, ಪತ್ರೆ ಎಂದು ಹೇಳಿ ತರಿಸುತ್ತಿದ್ದರು.

ಸಾವಿತ್ರಮ್ಮ ಓಡಿ ಬಂದರು. “ಜಗದಾಂಬಾ, ಬೊಂಬಾಯಿಂದ ಫೋನು.”

ರುದ್ರೇಶ ಅಳುತ್ತಿದ್ದ. “ಅತ್ತಿಗೆ, ಅಣ್ಣ ಹೊರಗೆ ಬಂದ. ಪೆಟ್ಟಿಗೆ ಸಿಕ್ತು. ಲಿಂಗ ಒಳಗೇ ಸಿಕ್ಕಾಕೊಂಡಿದೆ.”

“ಲಿಂಗ ಅವರ ಮೈಮೇಲಿಲ್ವೇನೋ?”

“ಇಲ್ಲ. ಅಲ್ಲಿ ಆಸ್ಪತ್ರೆಯೋರು ಬಿಚ್ಚಿ ಕವರಿಗೆ ಹಾಕಿ ಆರ್ಮುಗಂ ಕೈಗೆ ಕೊಟ್ಟಿದ್ರಂತೆ. ಅಷ್ಟೊತ್ತಿಗೆ ಪೆಟ್ಟಿಗೆ ಮುಚ್ಚಿ ಸೀಲ್ ಆಗಿತ್ತಂತೆ. ಅವ್ನು ಕರಡಿಗೆ ತನ್ ಕೊರಳಿಗೆ ಹಾಕ್ಕೊಂಡು ಅಂಗಿ ಒಳಗಿಟ್ಕೊಂಡು ಬಂದಿದಾನೆ. ಕಸ್ಟಮ್ಸೋರು ಹಿಡಿದ್ರು. ಇಷ್ಟು ಬಂಗಾರ ಹೇಳ್ದೆ ತಂದಿದೀಯ ಅಂತ.”

“ಅದು ಸತ್ತೋರದ್ದು ಅಂತ ಹೇಳ್ಲಿಲ್ವಾ?”

“ಹೇಳ್ದ. ಸತ್ತೋರ ಸಾಮಾನಿನ ಬ್ಯಾಗಲ್ಲಿದ್ದಿದ್ರೆ ನೋಡ್ಬೋದಿತ್ತು ಅಂತಾರೆ. ಇದು ನಿನ್ ಕೊರಳಲ್ಲಿತ್ತಲ್ಲಪ್ಪ, ಮುಚ್ಚಿಟ್ಟು ತಂದಿದೀಯ ಅಂತಾರೆ. ಸುಂಕ ಕಟ್ತೀವಿ ಸಾರ್ ಅಂದ್ವಿ. ಬಂಗಾರದ ಸುಂಕ ರೂಪಾಯಲ್ಲಿ ತಗೊಳ್ಳಲ್ವಂತೆ. ಹೊರದೇಶದ ನೋಟೇ ಬೇಕಂತೆ. ನಾನೆಲ್ಲಿಂದ ತರ್ಲಿ?”

“ಬಂಗಾರ ಹಾಳಾಗ್ಲಿ. ಒಳಗಿರೋ ಲಿಂಗ ಕೊಡಿ ಅನ್ನು.”

“ಅಂದೆ. ಪ್ಯಾಕೆಟ್ಟಿಗೆ ಹಾಕಾಯ್ತು, ದೊಡ್ಡೋರು ಬರೋವರ್ಗೂ ತೆಗೆಯೋ ಹಾಗಿಲ್ಲ ಅಂತಾರೆ. ದೊಡ್ಡೋರು ಸೋಮವಾರ ಬರ್ತಾರಂತೆ.”

ಸೋಮವಾರದವರೆಗೆ ಹೆಣ ಇಡುವಂತಿರಲಿಲ್ಲ. ಆಗಲೇ ಎಷ್ಟೋ ದಿನವಾಗಿತ್ತು. ಪೆಟ್ಟಿಗೆ ತೆಗೆದ ಮೇಲೆ ಬೇಗ ಮಣ್ಣು ಮಾಡಿ ಎಂದು ಅಲ್ಲಿಯ ಡಾಕ್ಟರೇ ಹೇಳಿದ್ದರಂತೆ.

ಹಿತ್ತಲಿಗೆ ಹೋಗಿ ಸಿದ್ದಯ್ಯನವರಿಗೆ ಹೇಳಿದೆ. ಅವರು ಪತ್ರೆ ಕೆಳಗಿಟ್ಟರು.

“ಲಿಂಗ ಇಲ್ದೆ ಹೆಂಗಮ್ಮ ಮಾಡೋದು?”

“ನನ್ನ ಕೇಳ್ತೀರಲ್ಲ ಅಯ್ಯನೋರೆ. ನಿಮ್ಮನ್ನ ಕೇಳೋಕೆ ನಾನು ಬಂದಿರೋದು.”

ನಾನು ಇದ್ದ ಸೀರೆಯಲ್ಲೇ ಶಿವಮೊಗ್ಗದ ಬಸ್ಸು ಹತ್ತಿದೆ. ಸೂತಕದಲ್ಲಿ ಹೊಸ್ತಿಲು ದಾಟುತ್ತಾಳೆ ಎಂದು ಯಾರೋ ಅಂದರು. ಅನ್ನಲಿ.

ಗಾಂಧಿ ಬಜಾರಿನಲ್ಲಿ ಆವತ್ತು ಕಾಲಿಡಲು ಜಾಗವಿರಲಿಲ್ಲ. ಮದುವೆ ಸೀಸನ್. ಬಟ್ಟೆ ಅಂಗಡಿಗಳ ಮುಂದೆ ಹೆಂಗಸರು ಸೀರೆ ಬಿಚ್ಚಿ ಬಿಚ್ಚಿ ನೋಡುತ್ತಿದ್ದರು. ನನ್ನ ಭುಜಕ್ಕೆ ಭುಜ ತಾಗಿಸಿ ನಗುತ್ತಾ ಹೋದರು. ಅವರಿಗೇನು ಗೊತ್ತು. ಖಲಂದರ್ ಸಾಬರು ನನ್ನ ಮುಖ ನೋಡಿದ ಕೂಡಲೇ ಅಂಗಡಿಯಲ್ಲಿದ್ದ ಗಿರಾಕಿಯನ್ನು ಕಳಿಸಿಬಿಟ್ಟರು. ಇವರು ಹೋದದ್ದು ಅವರಿಗೆ ತಿಳಿದಿತ್ತು.

ನಾನು ನಿಂತೇ ಹೇಳಿದೆ. ಸಾಬರು ಕೇಳಿಸಿಕೊಂಡು ತಲೆ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

“ಬೊಂಬಾಯಲ್ಲಿ ನನ್ ತಮ್ಮ ಇದಾನೆ ಅಮ್ಮಾ. ದುಬೈಗೆ ಹೋಗಿ ಬರೋರು ಅವ್ನ ಹತ್ರ ದಿನಾ ಬರ್ತಾರೆ. ನೋಟು ಅವ್ನು ಹೊಂದಿಸ್ತಾನೆ. ಈಗ್ಲೇ ಏರ್‌ಪೋರ್ಟಿಗೆ ಓಡಿಸ್ತೀನಿ.”

“ನಿಮ್ಗೆ ನಾನು ಹೆಂಗೆ ತೀರಿಸ್ಲಿ ಸಾಬ್ರೆ?”

“ಆ ಮಾತು ಈಗ ಬ್ಯಾಡ. ಓಂಕಾರಪ್ಪ ಹಾಕ್ಕೊಟ್ಟ ಶಟರ್ ಇದು, ನೋಡು. ಇವತ್ತಿಗೂ ಒಂದ್ ಸಲ ಸಿಕ್ಕಾಕೊಂಡಿಲ್ಲ. ಕೂತ್ಕೋ, ನೀರು ಕುಡಿ.”

ಫೋನ್ ಮಾಡಿದರು. ಉರ್ದುವಿನಲ್ಲಿ ಜೋರುಜೋರಾಗಿ ಮಾತಾಡಿದರು. ಆಮೇಲೆ ಕಾದೆವು. ಕೂತಲ್ಲೇ ನನ್ನ ಕೊರಳ ಕರಡಿಗೆಯನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದೆ. ನೋಟು ತಲುಪಲಿ, ನೋಟು ತಲುಪಲಿ. ಜೀವನದಲ್ಲಿ ನಾನು ದೇವರ ಹತ್ತಿರ ಹೊರದೇಶದ ನೋಟು ಬೇಡಿದ್ದು ಅದೊಂದೇ ಸಲ.

ಮಧ್ಯಾಹ್ನ ಕಳೆದ ಮೇಲೆ ಫೋನ್ ಬಂತು. ಸಾಬರು ಕೇಳಿಸಿಕೊಂಡರು. ಒಂದೇ ಮಾತನ್ನು ತಿರುಗಿ ತಿರುಗಿ ಕೇಳಿದರು. ಫೋನ್ ಇಟ್ಟು ನನ್ನ ಕಡೆ ನೋಡಲಿಲ್ಲ.

“ನೋಟು ತಲುಪ್ತು ಅಮ್ಮಾ. ಅವ್ರು ತಗೊಳ್ಳಲಿಲ್ಲ. ಮೊದ್ಲೇ ಹೇಳಿ ಕಟ್ಟಿದ್ರೆ ಸುಂಕ ಆಗ್ತಿತ್ತಂತೆ. ಈಗ ಬರೆದಾಯ್ತು. ಈಗ ಅದು ಸುಂಕ ಅಲ್ಲ, ಕೇಸಂತೆ.”

“ಕೇಸು ಯಾರ ಮೇಲೆ? ಸತ್ತೋರ ಮೇಲಾ?”

“ಸಾಮಾನಿನ ಮೇಲೆ.”

ಸಾಮಾನು. ಅವರು ದಿನಾ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು ‘ಹ್ಞೂಂ’ ಎನ್ನುತ್ತಿದ್ದದ್ದು ಸಾಮಾನಿಗೆ.

ಸಾಬರು ಬಸ್ ಸ್ಟ್ಯಾಂಡಿನವರೆಗೂ ನಡೆದು ಬಂದರು. “ನಾನೇ ಅವ್ನಿಗೆ ದಾರಿ ತೋರ್ಸಿದ್ದು” ಎಂದರು. ಇಲ್ಲ ಬಿಡಿ ಸಾಬ್ರೆ ಎನ್ನಬಹುದಿತ್ತು. ಅನ್ನದೆ ಬಸ್ಸು ಹತ್ತಿದೆ.

ಭಾನುವಾರ ಮಧ್ಯಾಹ್ನ ವ್ಯಾನ್ ಬಂತು. ರುದ್ರೇಶ ಮುಂದೆ ಕೂತಿದ್ದ. ಆರ್ಮುಗಂ ಹಿಂದೆ, ಪೆಟ್ಟಿಗೆ ಪಕ್ಕ. ಅವನ ಪಾಸ್‌ಪೋರ್ಟ್ ಇಟ್ಟುಕೊಂಡು ಸಂಜೆಯ ಮೇಲೆ ಬಿಟ್ಟಿದ್ದರಂತೆ. ಇಳಿದವನು ನನ್ನ ಕಾಲಿಗೆ ಬಿದ್ದ.

“ಅಕ್ಕಾ, ಬ್ಯಾಗಲ್ಲಿ ಅಣ್ಣನ ಬೂಟ್ ಇತ್ತಕ್ಕಾ. ಬೂಟ್ ಜೊತೆ ಸಾಮಿ ಹೆಂಗಕ್ಕಾ ಇಡ್ಲಿ? ಲಿಂಗ ಯಾವಾಗ್ಲೂ ಎದೆ ಮೇಲೇ ಇರ್ಬೇಕು ಅಂತ ಅಣ್ಣನೇ ಹೇಳ್ತಿದ್ರು. ಅದಕ್ಕೇ ಹಾಕ್ಕೊಂಡೆ. ಸ್ನಾನ ಮಾಡೇ ಹಾಕ್ಕೊಂಡೆ ಅಕ್ಕಾ.”

ಬೂಟಿನ ಜೊತೆ ಎಸೆದು ತಂದಿದ್ದರೆ ಬಂದುಬಿಡುತ್ತಿತ್ತು. ಮರ್ಯಾದೆ ಮಾಡಿ ತಂದದ್ದಕ್ಕೆ ಹೋಯಿತು. ಅವನನ್ನು ಎಬ್ಬಿಸಿ ನೀರು ಕೊಡಿ ಎಂದೆ. ಅವನ ಮೇಲೆ ಸಿಟ್ಟು ಮಾಡಬೇಕೆಂದು ಕಾದಿದ್ದೆ. ಮಾಡಲು ಆಗಲಿಲ್ಲ.

ಪೆಟ್ಟಿಗೆ ತೆಗೆದರು. ಅವರೇ. ಮುಖ ಊದಿತ್ತು, ಬಣ್ಣ ಬೇರೆ ಆಗಿತ್ತು. ಎಡಗೈ ಮೇಲಿನ ಕಲೆ ಮಾತ್ರ ಹಾಗೇ ಇತ್ತು. ಪ್ರಿಯ ಒಂದು ಸಲ ನೋಡಿ ಒಳಗೆ ಹೋಗಿ ಟಿವಿ ಪಕ್ಕ ಗೋಡೆಗೆ ಮುಖ ಮಾಡಿ ಕೂತಳು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು. ಅವರು ಕೂರಲಿಲ್ಲ. ಕೆಡದಿರಲಿ ಎಂದು ಅಲ್ಲಿ ಔಷಧಿ ಹಾಕಿದ್ದರು, ಮೈಯೆಲ್ಲ ಕಟ್ಟಿಗೆಯ ಹಾಗೆ ಸೆಟೆದಿತ್ತು. ಮಲಗಿಸಿಯೇ ಇಡುವುದು ಎಂದರು. ಅದಕ್ಕೂ ತಲೆಯಾಡಿಸಿದೆ.

ಗುಂಡಿಯ ಹತ್ತಿರ ಸಿದ್ದಯ್ಯನವರು ಕೆಂಪು ಬಟ್ಟೆಯ ಗಂಟು ತೆಗೆದರು. ಹೊಸ ಲಿಂಗ. ಬೆಳಿಗ್ಗೆಯೇ ಶಿವಮೊಗ್ಗದಿಂದ ತರಿಸಿ ಪೂಜೆ ಮಾಡಿಟ್ಟಿದ್ದರು. ಒಳ್ಳೆಯದಕ್ಕೇ ತರಿಸಿದ್ದರು, ಇಲ್ಲ ಎನ್ನುವುದಿಲ್ಲ.

“ಬೇಡ” ಎಂದೆ.

“ಬೇರೆ ದಾರಿ ಇಲ್ಲ ತಾಯಿ.”

“ಇದು ಅವರ ಮುಖ ನೋಡಿಲ್ಲ. ಅವರು ಇದರ ಮುಖ ನೋಡಿಲ್ಲ. ಅಂಗಡೀಲಿದ್ದದ್ದು ಇದು.”

“ಮಂತ್ರ ಮಾಡಿದೀನಿ.”

“ಮಾಡಿದೀರಿ. ನಂಗೆ ಬೇಡ.”

ನಾನು ಸೆರಗಿನೊಳಗೆ ಕೈ ಹಾಕಿ ನನ್ನ ಕರಡಿಗೆ ತೆರೆದು ನನ್ನ ಲಿಂಗ ತೆಗೆದೆ. ಅವರು ಪೂಜೆಗೆ ಕೂತಾಗಲೆಲ್ಲ ಪಕ್ಕದಲ್ಲಿ ನಾನೂ ಕೂತವಳು. ಮದುವೆಯಾದಾಗಿನಿಂದ ಅವರ ಲಿಂಗ ನನ್ನ ಲಿಂಗ ಒಂದೇ ತಂಬಿಗೆಯ ನೀರಲ್ಲಿ ತೊಳೆದದ್ದು. ಇದು ಅವರಿಗೆ ಗೊತ್ತಿರುವ ಲಿಂಗ.

ಸಿದ್ದಯ್ಯನವರು ನನ್ನ ಕೈ ಹಿಡಿಯಲು ಬಂದು ನಿಂತರು. “ಹುಚ್ಚು ಹಿಡೀತಾ ಜಗದಾಂಬಾ? ಬದುಕಿರೋರು ಲಿಂಗ ಬಿಡ್ತಾರಾ? ನಾಳೆ ನಿನ್ ಗತಿ ಏನು?”

“ಇವತ್ತು ಅವರ ಗತಿ ನೋಡಿ. ನಂದು ನಾಳೆ ನೋಡಾಣ.”

ರುದ್ರೇಶ, “ಅತ್ತಿಗೆ ಹೇಳ್ದಂಗೆ ಆಗ್ಲಿ ಬಿಡಿ ಅಯ್ಯನೋರೆ” ಎಂದ. ನಾನು ಗುಂಡಿಗೆ ಇಳಿದೆ. ಅವರ ಎಡಗೈ ಬೆರಳು ಮಡಿಚಿ ಗಟ್ಟಿಯಾಗಿತ್ತು. ಬಿಡಿಸಲು ನೋಡಿದೆ, ಬಿಡಲಿಲ್ಲ. ಬೆರಳಿನ ಸಂದಿಯಲ್ಲಿ ತೂರಿಸಿ ಅಂಗೈಗೆ ಮುಟ್ಟಿಸಿದೆ. ಸಿದ್ದಯ್ಯನವರ ಕೆಂಪು ಬಟ್ಟೆಯಿಂದ ಮುಷ್ಟಿ ಸುತ್ತಿ ಕಟ್ಟಿದೆ. ಅವರು ಆಮೇಲೆ ಮಂತ್ರ ಹೇಳಿದರು.

ಮನೆಗೆ ಬಂದ ಮೇಲೆ ಖಾಲಿ ಕರಡಿಗೆಯನ್ನು ಕೊರಳಿಂದ ತೆಗೆಯಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಅದನ್ನು ತೆರೆದು ಅಂಗೈ ಮೇಲೆ ಬೋರಲು ಹಾಕುತ್ತಿದ್ದೆ. ಏನೂ ಬೀಳುತ್ತಿರಲಿಲ್ಲ. ಖಾಲಿ ಅಂಗೈ ನೋಡಿಕೊಂಡು ಕೂರುತ್ತಿದ್ದೆ. ಆಮೇಲೆ ಒಲೆ ಹಚ್ಚುತ್ತಿದ್ದೆ. ಕಂಡವರು ಕಣ್ಣು ತಪ್ಪಿಸುತ್ತಿದ್ದರು. ಲಿಂಗವಿಲ್ಲದವಳ ಕೈಯ ನೀರು ಕುಡಿಯುವುದೋ ಬೇಡವೋ ಎಂದು ನಮ್ಮ ಚಿಕ್ಕತ್ತೆ ಲೋಟ ಹಿಡಿದು ಯೋಚಿಸಿದರು. “ಕುಡಿದ್ರೆ ಕುಡೀರಿ, ಇಲ್ಲಾಂದ್ರೆ ನಲ್ಲಿ ಅಲ್ಲಿದೆ” ಎಂದೆ.

ಸಾವಿತ್ರಮ್ಮ ಒಬ್ಬರೇ ಹೇಳಿದ್ದು: “ಸಿದ್ದಯ್ಯನೋರ ಹೊಸ ಲಿಂಗ ನೀನೇ ಕಟ್ಕೊಳ್ಳೇ. ಅದು ಸುಮ್ನೆ ಬಿದ್ದಿದೆ.”

“ನಂದು ಬೊಂಬಾಯಲ್ಲಿದೆ” ಎಂದೆ.

ಆಗ ನನಗೇ ಗೊತ್ತಾಯಿತು, ನಾನು ಯಾವುದಕ್ಕೆ ಕಾಯುತ್ತಿದ್ದೇನೆ ಎಂದು.

ರುದ್ರೇಶ ಬೊಂಬಾಯಿಗೆ ಹೋದ, ಬಂದ. ಮತ್ತೆ ಹೋದ. ಆರ್ಮುಗಂ ಹೋಗಿ ಹೇಳಿಕೆ ಕೊಟ್ಟು ಬಂದ. ಅವನ ಪಾಸ್‌ಪೋರ್ಟ್ ಕೊಟ್ಟರು, ಆದರೆ ಮಸ್ಕತ್ತಿನ ಕೆಲಸ ಹೋಯಿತು. ಈಗ ಪೇಪರ್ ಟೌನಿನಲ್ಲಿ ಸೈಕಲ್ ರಿಪೇರಿ ಮಾಡುತ್ತಾನೆ. ಎದುರಿಗೆ ಸಿಕ್ಕರೆ ತಲೆ ತಗ್ಗಿಸುತ್ತಾನೆ. ತಗ್ಗಿಸಬೇಡ ಎಂದು ಹೇಳಿ ಹೇಳಿ ಸಾಕಾಗಿದೆ.

ಮರುವರ್ಷ ಆರ್ಡರ್ ಆಯಿತು. ಸುಂಕವನ್ನೂ ದಂಡವನ್ನೂ ಕಟ್ಟಿದರೆ ಕರಡಿಗೆ ಬಿಡಿಸಿಕೊಳ್ಳಬಹುದು. ಇಲ್ಲದಿದ್ದರೆ ಬಂಗಾರ ಸರ್ಕಾರಕ್ಕೆ. ಒಳಗಿನ ಕಲ್ಲಿಗೆ ಬೆಲೆ ಇಲ್ಲ, ಅದನ್ನು ಹಾಗೇ ಒಯ್ಯಬಹುದು.

ರುದ್ರೇಶ ಅಡಿಗೆಮನೆ ಬಾಗಿಲಲ್ಲಿ ಕೂತು ಹೇಳಿದ. “ಸಾಲ ಮಾಡಿಯಾದ್ರೂ ಬಿಡಿಸ್ಕೊಳಾಣ ಅತ್ತಿಗೆ. ಪ್ರಿಯನ ಬಳೆ ಅದು. ಅಣ್ಣ ಟ್ಯಾಂಕೊಳಗೆ ಬೆಂದು ಮಾಡ್ಸಿದ್ದು.”

ನನಗೂ ಅದೇ ಹೊಟ್ಟೆಯೊಳಗೆ ಕುದಿಯುತ್ತಿತ್ತು. ಸಾಲ ಕೊಡುವವರು ಯಾರು? ಮನೆಯೊಂದೇ ಇದ್ದದ್ದು. ಮನೆ ಅಡ ಇಟ್ಟು ಬಿಡಿಸಿದರೆ ಮದುವೆಯಾದ ಮೇಲೆ ಬಂದ ಮಗಳನ್ನು ಎಲ್ಲಿ ಕೂರಿಸಲಿ? ಪ್ರಿಯ ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡದೆ ಹೇಳಿದಳು:

“ಚಿಕ್ಕಪ್ಪಾ, ಬೆಲೆ ಇಲ್ಲದ್ದು ತಗೊಂಡು ಬಾ. ಅಮ್ಮಂಗೆ ಅದೇ ಸಾಕು.”

ಮಗಳ ಮುಂದೆ ಅಳಬಾರದೆಂದು ಹಿತ್ತಲಿಗೆ ಹೋದೆ. ಅವಳು ಬರಿಗೈಯಲ್ಲೇ ಹಸೆಮಣೆ ಏರುತ್ತಾಳೆ, ಅದನ್ನು ಅಲ್ಲಿ ನುಗ್ಗೆಮರಕ್ಕೆ ಹೇಳಿದೆ. ಬೇರೆ ಯಾರಿಗೆ ಹೇಳಲಿ.

ರುದ್ರೇಶ ಲಿಂಗ ತಂದ. ಕಾಗದದಲ್ಲಿ ಸುತ್ತಿ, ಅರಗಿನ ಸೀಲ್ ಹಾಕಿ ಕೊಟ್ಟಿದ್ದರು. ಅವನೂ ದಾರಿಯುದ್ದಕ್ಕೂ ಅಂಗಿಯೊಳಗೆ ಎದೆಗಿಟ್ಟುಕೊಂಡೇ ಬಂದಿದ್ದ. ಸೀಲ್ ಒಡೆದೆ. ಕಪ್ಪು ಮಾಸಿತ್ತು. ಒಂದು ಕಡೆ ನುಣ್ಣಗಿತ್ತು. ಅವರ ಹೆಬ್ಬೆರಳು ದಿನಾ ಸವರುತ್ತಿದ್ದ ಕಡೆ.

ಸಿದ್ದಯ್ಯನವರನ್ನು ಕರೆಸಿದೆ.

“ಇದನ್ನ ನಂಗೆ ಕಟ್ಟಿ.”

“ಒಬ್ಬರದ್ದು ಇನ್ನೊಬ್ಬರು ಕಟ್ಟೋ ಹಾಗಿಲ್ಲಮ್ಮ. ಹೊಳೇಗೆ ಬಿಡ್ಬೇಕು ಇದನ್ನ.”

“ನಂದು ಅವರ ಕೈಯಲ್ಲಿದೆ. ಹೋಗಿ ಇಸ್ಕೊಂಡು ಬನ್ನಿ, ಆಮೇಲೆ ಇದನ್ನ ಹೊಳೇಗೆ ಬಿಡ್ತೀನಿ.”

ಅವರ ಮುಂದಿಟ್ಟ ಕಾಫಿ ಆರಿತು. ಆಮೇಲೆ, “ನಾನು ಕಟ್ಟಿದೆ ಅಂತ ಎಲ್ಲೂ ಹೇಳ್ಬೇಡ” ಎಂದು ಕಟ್ಟಿದರು. ಅವರೂ ಈಗ ಇಲ್ಲ, ಅದಕ್ಕೆ ಹೇಳಿದೆ.

ನಮ್ಮ ಮನೆಯವರ ಲಿಂಗ ನನ್ನದಕ್ಕಿಂತ ದೊಡ್ಡದು. ನನ್ನ ಬೆಳ್ಳಿ ಕರಡಿಗೆಯಲ್ಲಿ ಹಿಡಿಯುವುದಿಲ್ಲ, ಮುಚ್ಚಳ ಕೂರುವುದಿಲ್ಲ. ದೊಡ್ಡದು ಮಾಡಿಸು ಎನ್ನುತ್ತಾರೆ. ಬೇಡ. ಮುಚ್ಚಳದ ಮೇಲೆ ದಾರ ಸುತ್ತಿ ಕಟ್ಟಿಕೊಂಡಿದ್ದೇನೆ. ಬೆಳಿಗ್ಗೆ ದಾರ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡರೆ ಭಾರವಿದೆ. ನುಣ್ಣಗಿರುವ ಕಡೆ ನನ್ನ ಹೆಬ್ಬೆರಳು ಇಡುತ್ತೇನೆ. ಏನೂ ಕೇಳುವುದಿಲ್ಲ. ಕೇಳಿದರೂ ‘ಹ್ಞೂಂ’ ಎನ್ನುವವರಿಲ್ಲ.

ಪ್ರಿಯನಿಗೆ ಹೇಳಿಟ್ಟಿದ್ದೇನೆ. ನಾನು ಹೋದಾಗ ಕರಡಿಗೆ ನೀನು ಇಟ್ಟುಕೋ, ಬೆಳ್ಳಿ ಅದು. ಲಿಂಗ ಮಾತ್ರ ಯಾರು ಏನೇ ಹೇಳಲಿ ನನ್ನ ಕೈಗೆ ಇಡು. ಅವರಿಗೆ ವಾಪಸ್ ಕೊಡಬೇಕು.